ಒಂದೇ ಸಲ ಬಳಸುವ ಪೆಟ್ಟಿಗೆ

ಮಾನ್ಯ ಓದುಗರ ಗಮನಕ್ಕೆ ಮೊದಲಾಗಿ ತರಬೇಕಾದ ಸಂಗತಿಯೆಂದರೆ, ನಾನು ಲೇಖಕನಲ್ಲ. ಹೊನ್ನಾವರ ತಾಲ್ಲೂಕಿನ ಗುಡ್ಡವೊಂದರ ಮೇಲಿರುವ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕನಾಗಿ ಕಾರ್ಯನಿರ್ವಹಿಸುತ್ತಿದ್ದೇನೆ. ಕನ್ನಡದಲ್ಲಿ ಈವರೆಗೆ ನಾನು ಬರೆದಿರುವುದೆಲ್ಲ ಮನವಿ, ವರದಿ ಮತ್ತು ಸಮಜಾಯಿಷಿ. ಕಳೆದ ವರ್ಷ ನಿವೃತ್ತರಾದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಕುರಿತು ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದ ಮೇರೆಗೆ ಈ ಕೆಲಸಕ್ಕೆ ಕೈ ಹಾಕಿದ್ದೇನೆ. ಭಾಷೆ ಕಚೇರಿಯದಾಗಿ ಕಂಡರೆ ಕ್ಷಮಿಸಬೇಕು. ನನಗೆ ಗೊತ್ತಿರುವ ಎಚ್ಚರದ ಭಾಷೆ ಅದೊಂದೇ. ಇವರ ವಿಷಯದಲ್ಲಿ ಎಚ್ಚರ ಅಗತ್ಯವೂ ಹೌದು. ಒಂದು ಮಾತು ಹೆಚ್ಚಾಗಿದ್ದರೂ ಅವರು ಅದನ್ನು ಹುಡುಕಿ ತೆಗೆಯುತ್ತಾರೆ.

ಬರೆಯಲು ಅನುಮತಿ ಕೋರಿ ದೂರವಾಣಿ ಮಾಡಿದಾಗ ಅವರು ಹೇಳಿದ್ದು ಇಷ್ಟೇ: "ಬರೀರಿ ನಾಯ್ಕರೆ, ಎಂತ ತೊಂದ್ರೆ ಇಲ್ಲ. ಹೆಸರು ಮಾತ್ರ ಹಾಕ್ಬೇಡಿ. ಹೆಸರು ಹಾಕಿದ್ರೆ ಜನ ಹೆಸರು ಓದಿ ಪುಟ ಮಗಚ್ತಾರೆ." ಆದ್ದರಿಂದ ಈ ಲೇಖನದಲ್ಲಿ ಅವರನ್ನು ಅಕ್ಕೋರು ಎಂದೇ ಕರೆಯಲಾಗಿದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು ವಾಡಿಕೆ. ಕಾಲೇಜಿನಲ್ಲಿ ಎಲ್ಲರೂ ಮೇಡಂ ಆಗಿರುತ್ತಾರೆ. ಇವರಿಗೆ ಈ ಹೆಸರು ಬರಲು ಕಾರಣ ನಮ್ಮ ಗೇಟಿನ ಕಾವಲುಗಾರ. ಕೆಲಸಕ್ಕೆ ಸೇರಲು ಬಂದ ದಿನ, ಹತ್ತಿಯ ಸೀರೆ, ಬಟ್ಟೆಯ ಚೀಲ, ತೇಪೆ ಹಾಕಿದ ಕೊಡೆ ನೋಡಿ ಆತ, "ಅಕ್ಕೋರೆ, ಪ್ರೈಮರಿ ಶಾಲೆ ಗುಡ್ಡದ ಕೆಳಗೆ ಅದೆ. ನೀವು ದಾರಿ ತಪ್ಪಿ ಹತ್ತಿ ಬಂದ್ರಿ" ಎಂದನಂತೆ. ಇವರು ಬೆವರು ಒರೆಸಿಕೊಳ್ಳುತ್ತ, "ಹತ್ತಿ ಬಂದಾತಲ, ಇನ್ನು ಇಳಿಯೂದು ಯಾರು? ಇಲ್ಲೇ ಕಲಿಸ್ತೆ" ಎಂದು ಒಳಗೆ ಹೋದರಂತೆ. ಕಾವಲುಗಾರ ಈ ಕಥೆಯನ್ನು ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಹೇಳುತ್ತಾನೆ. ನನಗೂ ಹೇಳಿದ್ದಾನೆ.

ಕೊಡೆಯ ಬಗ್ಗೆ ಒಂದು ಮಾತು. ಅದು ಎರಡು ಕೊಡೆಗಳ ಬಟ್ಟೆ ಸೇರಿಸಿ ಹೊಲಿದದ್ದು, ಅರ್ಧ ಕಪ್ಪು, ಅರ್ಧ ಹೂವಿನ ಚಿತ್ತಾರ. ಅವರು ಕುಮಟೆಯ ಬಸ್ಸಿನಿಂದ ಹೆದ್ದಾರಿಯಲ್ಲಿ ಇಳಿದು ಗುಡ್ಡ ಹತ್ತುವಾಗ ಮೇಲಿನ ತರಗತಿಗಳ ಕಿಟಕಿಯಿಂದ ಆ ಕೊಡೆ ಮೊದಲು ಕಾಣುತ್ತಿತ್ತು. "ಅಕ್ಕೋರ ಕೊಡೆ ಬಂತು" ಎಂದು ಹುಡುಗರು ಹೇಳಿದರೆ ಹಾಜರಾತಿಗೆ ಓಡಲು ಇನ್ನೂ ಸಮಯವಿದೆ ಎಂದು ಅರ್ಥ.

ಅವರ ವಿಷಯ ಸುಸ್ಥಿರ ವಿನ್ಯಾಸ ಮತ್ತು ತಯಾರಿಕೆ. ಒಂದು ವಸ್ತುವನ್ನು ಹೇಗೆ ಮಾಡಿದರೆ ಕಚ್ಚಾವಸ್ತು ಕಡಿಮೆ ಸಾಕು, ಹೆಚ್ಚು ಕಾಲ ಬಾಳುತ್ತದೆ, ಕೆಟ್ಟರೆ ಬಿಚ್ಚಿ ಸರಿಮಾಡಬಹುದು, ಕೊನೆಗೆ ಎಸೆಯುವಾಗ ನೆಲಕ್ಕೂ ನೀರಿಗೂ ಕಂಟಕವಾಗುವುದಿಲ್ಲ ಎಂಬ ವಿಚಾರ. ಮೊದಲ ತರಗತಿಗೆ ಅವರು ಪಠ್ಯಪುಸ್ತಕ ತರುತ್ತಿರಲಿಲ್ಲ. ಮೇಜಿನ ಮೇಲೆ ಮುರಿದ ವಸ್ತುಗಳನ್ನು ಜೋಡಿಸಿಡುತ್ತಿದ್ದರು: ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಉಂಗುಟ ಕಿತ್ತ ಚಪ್ಪಲಿ, ಸುಟ್ಟ ಮಿಕ್ಸರ್. ಇದಕ್ಕೆ ಅವರು ಇಟ್ಟ ಹೆಸರು ಮರಣೋತ್ತರ ಪರೀಕ್ಷೆ.

"ಇದನ್ನ ಕೊಂದದ್ದು ಯಾರು?" ಎಂದು ಮಿಕ್ಸರ್ ಎತ್ತಿ ಹಿಡಿದು ಕೇಳಿದರು ಒಮ್ಮೆ.

"ನಮ್ಮಮ್ಮ, ಅಕ್ಕೋರೆ," ಎಂದ ಅದನ್ನು ಮನೆಯಿಂದ ತಂದಿದ್ದ ಹುಡುಗ. "ಅರಿಶಿನದ ಕೊಂಬು ಹಾಕಿ ತಿರುಗಿಸಿದ್ರು."

ತರಗತಿ ನಕ್ಕಿತು. ಇವರು ನಗಲಿಲ್ಲ. "ಅಮ್ಮ ಅರಿಶಿನದ ಕೊಂಬು ಹಾಕ್ತಾಳೆ ಅಂತ ಮಿಕ್ಸಿ ಮಾಡಿದವಂಗೆ ಗೊತ್ತಿರ್ಲಿಲ್ವಾ? ಎಂತಕ್ಕೆ? ಅವನ ಮನೇಲಿ ಅಮ್ಮ ಇರ್ಲಿಲ್ವಾ?"

ಮನೆಯಲ್ಲಿ ಜನ ವಸ್ತುವನ್ನು ನಿಜವಾಗಿ ಏನು ಮಾಡುತ್ತಾರೆ ಎಂದು ನೋಡದೆ ಲೆಕ್ಕ ಹಾಕುವವನು ಇಂಜಿನಿಯರ್ ಅಲ್ಲ ಎಂಬುದು ಅವರ ಮೊದಲ ಪಾಠ. ಈ ಪಾಠವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕಾಗಿ ಕೋರುತ್ತೇನೆ. ಮುಂದೆ ಅದೇ ಪಾಠ ಅವರನ್ನು ಹುಡುಕಿಕೊಂಡು ಬಂತು.

ಇಂಥ ವಿಷಯದಲ್ಲಿ ಅಧ್ಯಾಪಕ ವೃತ್ತಿ ಎಂದರೆ ಏನೆಂದು ಸಹ ತಿಳಿಸುವುದು ಅವಶ್ಯ. ಅವರನ್ನು ನೇಮಿಸಿಕೊಂಡದ್ದು ಮೆಷಿನ್ ಡ್ರಾಯಿಂಗ್ ಕಲಿಸಲು. ಸುಸ್ಥಿರ ವಿನ್ಯಾಸ ಅವರು ತಾವಾಗಿ ಓದಿ, ತಡವಾಗಿ ಡಾಕ್ಟರೇಟ್ ಮಾಡಿ, ಕೇಳಿಕೊಂಡು ಸೇರಿಸಿದ ಐಚ್ಛಿಕ ವಿಷಯ. ಮೆಕ್ಯಾನಿಕಲ್‌ನವರಿಗೆ ಅದು ಪರಿಸರದ ವಿಷಯ, ಪರಿಸರದವರಿಗೆ ಅದು ಮೆಕ್ಯಾನಿಕಲ್ ವಿಷಯ. ಹೊರಗಿನಿಂದ ಬರುವ ಪ್ರತಿ ಸಮಿತಿಯೂ ಮೊದಲು ಕೇಳುತ್ತಿದ್ದುದು, ತಾವು ಯಾವ ಕಡೆಯವರು ಎಂದು. ಸಾಕಷ್ಟು ವಿದ್ಯಾರ್ಥಿಗಳು ಆಯ್ಕೆ ಮಾಡದಿದ್ದರೆ ಐಚ್ಛಿಕವನ್ನು ಆ ವರ್ಷ ಕೈಬಿಡಲಾಗುವುದು ಎಂಬ ಸುತ್ತೋಲೆ ಪ್ರತಿ ವರ್ಷವೂ ಬರುತ್ತಿತ್ತು. ಆಗ ಅಕ್ಕೋರು ಕ್ಯಾಂಟೀನಿಗೆ ಹೋಗಿ ಹುಡುಗರ ಮೇಜಿನ ಬದಿಯಲ್ಲಿ ನಿಲ್ಲುತ್ತಿದ್ದರು.

"ಬನ್ನಿ ಮಾರಾಯ್ರೆ ನನ್ನ ಕ್ಲಾಸಿಗೆ. ಕೆಲಸ ಸಿಗ್ತದೆ ಅಂತ ಹೇಳೂದಿಲ್ಲ. ಮನೆಯಲ್ಲಿ ಕುಕ್ಕರ್ ರಿಪೇರಿ ಮಾಡೂಕೆ ಬರ್ತದೆ."

"ರಿಪೇರಿ ಬಂದ್ರೆ ಹೆಣ್ಣು ಕೊಡ್ತಾರಾ ಅಕ್ಕೋರೆ?"

"ಸಾಫ್ಟ್‌ವೇರ್‌ನವರಿಗೇ ಕೊಡೂದಿಲ್ಲ ಈಗ. ನಿಂಗೆ ಕುಕ್ಕರ್ ಆದ್ರೂ ಇರ್ಲಿ."

ಹೀಗೆ ಬಂದವರೇ ಅವರ ವಿದ್ಯಾರ್ಥಿಗಳು. ನನ್ನನ್ನೂ ಸಹ ಆ ವಿಷಯಕ್ಕೆ ಸಹಾಯಕನಾಗಿ ಹಾಕಿದ್ದು ಬೇರೆ ಯಾರೂ ಒಪ್ಪದ ಕಾರಣಕ್ಕೆ. ನಾನು ಮುಟ್ಟಳ್ಳಿಯವನು, ಭಟ್ಕಳದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವರು ಕುಮಟೆಯ ಕಡೆಯಿಂದ. ಹೆದ್ದಾರಿಯ ಅಗಲೀಕರಣ ನಮ್ಮಿಬ್ಬರ ಸೇವಾವಧಿಯಲ್ಲೂ ಮುಗಿಯಲಿಲ್ಲ. ಧೂಳು ಮೆತ್ತಿಕೊಂಡು ವಿಭಾಗಕ್ಕೆ ಬಂದು, ಮಾನ್ಯತಾ ಸಮಿತಿಗಾಗಿ ಕಡತಗಳನ್ನು ಜೋಡಿಸಿ, ಪಾಠ ಮಾಡಿ, ಮತ್ತೆ ಧೂಳು ಮೆತ್ತಿಕೊಂಡು ಹೋಗುವುದೇ ನಮ್ಮ ವೃತ್ತಿಯ ದೊಡ್ಡ ಪಾಲಾಗಿತ್ತು. ಸಂಶೋಧನೆ ಉಳಿದ ಸಮಯದ್ದು.

ಅವರಿಗೆ ಒಂದು ಆಸೆ ಇತ್ತು. ನಿವೃತ್ತಿಗೆ ಮೊದಲು ಪ್ರಾಧ್ಯಾಪಕಿ ಎನಿಸಿಕೊಳ್ಳಬೇಕು ಎಂಬುದು. ಸಹ ಪ್ರಾಧ್ಯಾಪಕಿಯಾಗಿ ಬಹಳ ವರ್ಷ ಕಳೆದಿದ್ದವು. ಅವರಿಗಿಂತ ನಂತರ ಬಂದವರು ಮುಂದೆ ಹೋಗಿದ್ದರು. ಇದನ್ನು ಅವರು ಮುಚ್ಚಿಡುತ್ತಿರಲಿಲ್ಲ. "ನಂಗೆ ಬೇಕು ನಾಯ್ಕರೆ. ಬೇಡ ಅಂತ ದೊಡ್ಡಸ್ತಿಕೆ ತೋರ್ಸೂಕೆ ನಂಗೆ ಬರೂದಿಲ್ಲ. ನಮ್ಮ ವಿಷಯಕ್ಕೂ ಒಬ್ಬ ಪ್ರೊಫೆಸರ್ ಅದೆ ಅಂತ ಆದ್ರೆ ಆ ಸುತ್ತೋಲೆ ಬರೂದು ನಿಲ್ತದೆ" ಎಂದು ಒಮ್ಮೆ ಹೇಳಿದ್ದರು. ಆ ಹುದ್ದೆಯ ಸಂದರ್ಶನಕ್ಕೆ ಕೊರತೆಯಿದ್ದುದು ಒಳ್ಳೆಯ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಒಂದು ಲೇಖನ ಮಾತ್ರ.

ಆ ಲೇಖನವೇ ಪೆಟ್ಟಿಗೆಯ ಲೇಖನ.

ಮೀನು ಸಾಗಿಸುವ ಬಿಳಿ ಥರ್ಮಾಕೋಲ್ ಪೆಟ್ಟಿಗೆಯನ್ನು ಕರಾವಳಿಯ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಅದು ಒಡೆದು ಪುಡಿಯಾಗಿ ಅಳಿವೆಯಲ್ಲಿ ತೇಲುವುದನ್ನು ಅಕ್ಕೋರು ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದರು. ಅದರ ಬದಲಿಗೆ ತೆಂಗಿನ ನಾರನ್ನು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಅಂಟಿನಲ್ಲಿ ಒತ್ತಿ ಹಲಗೆ ಮಾಡಿ, ಆ ಹಲಗೆಗಳಿಂದ ಪೆಟ್ಟಿಗೆ ಕಟ್ಟುವುದು ನಮ್ಮ ಯೋಜನೆ. ನಾರು ಊರಿನದ್ದು, ಸಿಪ್ಪೆ ಕುಮಟೆಯ ಗೇರು ಕಾರ್ಖಾನೆಗಳದ್ದು. ಐಸು ಎಷ್ಟು ಹೊತ್ತು ಕರಗದೆ ಉಳಿಯುತ್ತದೆ ಎಂದು ಪರೀಕ್ಷಿಸಲು ಪ್ರಯೋಗಾಲಯಕ್ಕೆ ಬಂಗಡೆ ತರಲಾಯಿತು. ಅಕ್ಕೋರದ್ದು ಮೀನು ತಿನ್ನದ ಮನೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬಂಗಡೆಯ ಹೊಟ್ಟೆಗೆ ಉಷ್ಣಮಾಪಕ ಚುಚ್ಚುತ್ತಿದ್ದರು. ಪ್ರಾಂಶುಪಾಲರು ಬಾಗಿಲಲ್ಲಿ ನಿಂತು, "ಇದು ಡಿಪಾರ್ಟ್‌ಮೆಂಟಾ, ಮೀನು ಪೇಟೆಯಾ?" ಎಂದು ಕೇಳಿದರು. ಅಟೆಂಡರ್ ಮಾತ್ರ ಸಂತುಷ್ಟನಾಗಿದ್ದ. ಪರೀಕ್ಷೆ ಮುಗಿದ ಮೀನು ಅವನ ಪಾಲಾಗುತ್ತಿತ್ತು. "ವಾರಕ್ಕೊಂದು ಪ್ರಯೋಗ ಇಟ್ಕೊಳಿ ಅಕ್ಕೋರೆ, ವಿಜ್ಞಾನ ಬೆಳೀಲಿ" ಎನ್ನುತ್ತಿದ್ದ.

ಹೊನ್ನಾವರದ ಮೀನು ಪೇಟೆಯಲ್ಲಿ ಒಬ್ಬ ಹೆಂಗಸಿಗೆ ನಮ್ಮ ಪೆಟ್ಟಿಗೆಯನ್ನು ಬಳಸಲು ಕೊಟ್ಟೆವು. ಮುಂದಿನ ವಾರ ಆಕೆ ಅಕ್ಕೋರನ್ನು ಮೇಲಿಂದ ಕೆಳಗೆ ನೋಡಿ, "ಪೆಟ್ಟಿಗೆ ಚಂದ ಅದೆ ಅಕ್ಕೋರೆ. ಆದ್ರೆ ನೀರು ಕುಡ್ದು ಕುಡ್ದು ನನ್ನ ಗಂಡನ ಹಾಂಗೆ ಆಗ್ಯದೆ. ಎತ್ತೂಕೆ ಇಬ್ಬರು ಬೇಕು" ಎಂದಳು. ಅಕ್ಕೋರು ಗಟ್ಟಿಯಾಗಿ ನಕ್ಕರು. ನಂತರ ಬಂದು ಹಲಗೆಯ ಹೊರಮೈಗೆ ಅಂಟಿನ ಇನ್ನೊಂದು ಲೇಪ ಕೊಡಿಸಿದರು. ಪೆಟ್ಟಿಗೆ ಹಗುರವಾಯಿತು.

ಮುಖ್ಯವಾದದ್ದು ಎರಡು ಪೆಟ್ಟಿಗೆಗಳ ಹೋಲಿಕೆ. ಹುಟ್ಟಿನಿಂದ ಸಾವಿನವರೆಗೆ ಯಾವುದು ಭೂಮಿಗೆ ಹೆಚ್ಚು ಭಾರ ಎಂಬ ಲೆಕ್ಕ. ಥರ್ಮಾಕೋಲ್ ಪೆಟ್ಟಿಗೆ ಒಂದೇ ಸಲ ಬಳಕೆಯಾಗಿ ಎಸೆಯಲ್ಪಡುತ್ತದೆ ಎಂದು ನಾವು ಹಿಡಿದುಕೊಂಡೆವು. ಹೊರದೇಶದ ಲೇಖನಗಳಲ್ಲೆಲ್ಲ ಹಾಗೆಯೇ ಇತ್ತು. ಆ ಲೆಕ್ಕದಲ್ಲಿ ನಮ್ಮ ನಾರಿನ ಪೆಟ್ಟಿಗೆ ಬಹಳ ಮುಂದಿತ್ತು. ಲೇಖನ ಬರೆದು ಕಳುಹಿಸಲಾಯಿತು. ಮೊದಲ ಹೆಸರು ಅವರದು, ಎರಡನೆಯದು ನನ್ನದು. ಪರಿಶೀಲಕರ ಪ್ರಶ್ನೆಗಳಿಗೆ ಉತ್ತರಿಸಿದ ನಂತರ ಅದು ಪ್ರಕಟಣೆಗೆ ಸ್ವೀಕೃತವಾಯಿತು. ಸಂದರ್ಶನದ ಪತ್ರವೂ ಬಂತು. ಅಕ್ಕೋರು ಕುಮಟೆಯ ಅಂಗಡಿಯಲ್ಲಿ ಸಂದರ್ಶನಕ್ಕೆಂದು ಹಸಿರು ಅಂಚಿನ ಒಂದು ರೇಷ್ಮೆ ಸೀರೆ ತೆಗೆದುಕೊಂಡರು. ನನ್ನ ಬಡ್ತಿಗೂ ಅದೇ ಲೇಖನ ಆಧಾರವಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು.

ಆ ನಡುವಿನ ಒಂದು ಭಾನುವಾರ ಸಂದರ್ಶನಕ್ಕೆ ಬೇಕಾದ ಚಿತ್ರಪಟಗಳನ್ನು ತಯಾರಿಸಲು ನಾನು ಕುಮಟೆಯ ಅವರ ಮನೆಗೆ ಹೋಗಿದ್ದೆ. ಮಹಡಿಯ ತಾರಸಿಯಲ್ಲಿ ಮಲ್ಲಿಗೆ ಗಿಡಗಳಿದ್ದವು. ಭಟ್ಕಳದ ಮಲ್ಲಿಗೆ. ಅದರ ಹೆರೆಗಳನ್ನು, ಎಂದರೆ ನೆಡುವ ಕಡ್ಡಿಗಳನ್ನು, ಮುಟ್ಟಳ್ಳಿಯ ನಮ್ಮ ಮನೆಯಿಂದ ನನ್ನ ತಾಯಿಯೇ ಹಿಂದೆ ಕಳುಹಿಸಿಕೊಟ್ಟಿದ್ದರು. ಗಿಡಗಳಿದ್ದುದು ಸಾಲಾಗಿ ಜೋಡಿಸಿದ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ. ಪಕ್ಕದ ಬದಿಗಳಲ್ಲಿ ಮೀನಿನ ವ್ಯಾಪಾರಿ ಬರೆದ ಗುರುತಿನ ಅಕ್ಷರಗಳು ಇನ್ನೂ ಮಾಸಿರಲಿಲ್ಲ. ಈ ಪೆಟ್ಟಿಗೆಗಳು ಮನೆಗೆ ಬಂದಾಗ ಅವರ ಅತ್ತೆಯವರು, "ಮೀನಿನ ಪೆಟ್ಟಿಗೆ ಮಾಳಿಗೆ ಮೇಲೆ ಬಂತು. ಇನ್ನು ಮೀನು ಬಪ್ಪಲೆ ಎಷ್ಟೊತ್ತು" ಎಂದಿದ್ದರಂತೆ. ಅವರು ಇದ್ದಷ್ಟು ಕಾಲ ಆ ಗಿಡಗಳ ಹೂವು ಮುಡಿಗೆ ಮಾತ್ರ ಸಲ್ಲುತ್ತಿತ್ತು, ದೇವರಿಗೆ ಸಲ್ಲುತ್ತಿರಲಿಲ್ಲ.

ಅವರ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಮಾತಿನಲ್ಲಿ ಕುಶಾಲು ಹೆಚ್ಚು. ಗಿಡಗಳಿಗೆ ನೀರು ಹಾಕುತ್ತ ನಮ್ಮ ಚಿತ್ರಪಟವೊಂದನ್ನು ದೂರದಿಂದಲೇ ಓದಿದರು. ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು.

"ಅಲ್ದೇ ಮಾರಾಯ್ತಿ, ನಿನ್ನ ಲೆಕ್ಕದಲ್ಲಿ ಈ ಪೆಟ್ಟಿಗೆ ಒಂದೇ ಸಲಕ್ಕೆ ಸತ್ತೋಯ್ದು. ಹಂಗಾರೆ ಆನು ದಿನಾ ನೀರು ಹಾಕ್ತಾ ಇಪ್ಪದು ಎಂತಕ್ಕೆ? ಭೂತಕ್ಕಾ?"

ನಾನು ನಕ್ಕೆ. ಅಕ್ಕೋರು ನಗಲಿಲ್ಲ. ತಾರಸಿಯ ಈ ತುದಿಯಿಂದ ಆ ತುದಿಯವರೆಗೆ ಪೆಟ್ಟಿಗೆಗಳನ್ನು ನೋಡಿದರು. ಕೈಯಲ್ಲಿದ್ದ ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟರು.

"ನಾಯ್ಕರೆ, ನಿಮ್ಮನೇಲಿ ಎಂತದ್ರಲ್ಲಿ ಅದೆ ಮಲ್ಲಿಗೆ?"

ನಮ್ಮ ಮನೆಯಲ್ಲಿ ನೆಲದಲ್ಲಿದೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಹೆರೆಗಳನ್ನು ಬೇರು ಬಿಡುವವರೆಗೆ ತಾಯಿ ಇಡುತ್ತಿದ್ದುದು ಥರ್ಮಾಕೋಲ್ ಪೆಟ್ಟಿಗೆಯಲ್ಲೇ. ಕಾವಿಗೆ ಕೂತ ಕೋಳಿಯೂ ಅಂಥದೇ ಪೆಟ್ಟಿಗೆಯಲ್ಲಿ. ಚಳಿಗಾಲದಲ್ಲಿ ಇಡ್ಲಿಹಿಟ್ಟು ಹುಳಿ ಬರಲೆಂದು ಮುಚ್ಚಿಡುತ್ತಿದ್ದುದೂ ಅದರಲ್ಲೇ. ಹುಟ್ಟಿದಂದಿನಿಂದ ಕಣ್ಣೆದುರಿಗಿದ್ದ ವಸ್ತು. ಇಬ್ಬರೂ ಅದರ ನಡುವೆ ಕುಳಿತು, ಅದು ಒಂದೇ ಸಲ ಬಳಸಿ ಬಿಸಾಡುವ ವಸ್ತು ಎಂದು ಬರೆದಿದ್ದೆವು.

"ಅವನ ಅಮ್ಮ ಅರಿಶಿನದ ಕೊಂಬು ಹಾಕಿದ್ಲು" ಎಂದು ಅಕ್ಕೋರು ತಮ್ಮಷ್ಟಕ್ಕೇ ಹೇಳಿಕೊಂಡರು. ಯಜಮಾನರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಆ ವಾರವಿಡೀ ಅವರು ಪೆಟ್ಟಿಗೆಗಳನ್ನೇ ನೋಡಿಕೊಂಡು ತಿರುಗಿದರು, ನಾನು ಹಿಂದೆ. ಅಘನಾಶಿನಿಯಲ್ಲಿ ಚಿಪ್ಪಿ ಆರಿಸುವ ಹೆಂಗಸರು ಆರಿಸಿದ್ದನ್ನು ತುಂಬಿ ನೀರಿನ ಮೇಲೆ ತೇಲಿಸಿಕೊಂಡು ಹೋಗುವುದು ಹಳೆಯ ಪೆಟ್ಟಿಗೆಯಲ್ಲಿ. ಓಂ ಬೀಚಿನ ಗುಡಿಸಲು ಹೋಟೆಲಿನಲ್ಲಿ ಎಳನೀರು ತಣ್ಣಗಿಡುವುದು ಅದರಲ್ಲಿ. ಮೀನು ಪೇಟೆಯಲ್ಲಿ ಒಂದೇ ಪೆಟ್ಟಿಗೆಗೆ ಟೇಪು ಸುತ್ತಿ ಸುತ್ತಿ ಟೇಪಿನದೇ ಪೆಟ್ಟಿಗೆಯಂತಾಗಿತ್ತು. ಅದೇ ಸಮಯಕ್ಕೆ ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನಲ್ಲಿ ಬಿಳಿ ಕಾಳುಗಳು ಸಿಕ್ಕಿಕೊಂಡಿರುವುದನ್ನೂ ನೋಡಿದೆವು. ಹಾಗಾಗಿ ಥರ್ಮಾಕೋಲ್ ಒಳ್ಳೆಯದು ಎಂದು ಯಾರೂ ಭಾವಿಸಬಾರದು. ಅಕ್ಕೋರೂ ಭಾವಿಸಲಿಲ್ಲ. ಅದು ಸಾಯಲು ಬಹಳ ಕಾಲ ತೆಗೆದುಕೊಳ್ಳುತ್ತದೆ, ಆ ಕಾಲದಲ್ಲಿ ಬಹಳ ಕೆಲಸ ಮಾಡುತ್ತದೆ, ಕೊನೆಗೆ ಕೆಟ್ಟದಾಗಿ ಸಾಯುತ್ತದೆ. ನಮ್ಮ ನಾರಿನ ಪೆಟ್ಟಿಗೆಯೋ ಒಂದು ಮಳೆಗಾಲ ದಾಟುತ್ತಿರಲಿಲ್ಲ. ಇದನ್ನೆಲ್ಲ ಸೇರಿಸಿ ಹೊಸದಾಗಿ ಲೆಕ್ಕ ಹಾಕಿದಾಗ ನಮ್ಮ ಪೆಟ್ಟಿಗೆ ಮೇಲು ಎಂದು ಹೇಳಲು ಆಧಾರ ಉಳಿಯಲಿಲ್ಲ.

ವಿಭಾಗದ ಮುಖ್ಯಸ್ಥರು ವಯಸ್ಸಿನಲ್ಲಿ ಅಕ್ಕೋರಿಗಿಂತ ಕಿರಿಯರು, ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ, "ಹೊರದೇಶದವರೆಲ್ಲ ಒಂದೇ ಸಲ ಅಂತ ಹಿಡಿದಿದ್ದಾರೆ ಮೇಡಂ. ನಿಮಗೆ ಎಂತ ಹೆಚ್ಚಿನ ಉಪದ್ರ? ಸಂದರ್ಶನ ಮುಗೀಲಿ, ಆಮೇಲೆ ಒಂದು ತಿದ್ದುಪಡಿ ಕಳಿಸಿದ್ರೆ ಆತು" ಎಂದರು.

"ಅವರ ಊರಲ್ಲಿ ಒಂದೇ ಸಲ ಇರ್ಬೌದು ಸರ್. ಅವರು ಬರ್ದದ್ದು ಸುಳ್ಳಲ್ಲ. ನಾನು ಬರ್ದದ್ದು ಸುಳ್ಳು. ಕುಮಟೆಯಲ್ಲಿ ಕೂತು ಬರ್ದೆ."

"ಬೇಕು ಅಂತ ಬರ್ದದ್ದಲ್ಲ ಅಲ್ವಾ?"

"ಭಾನುವಾರದವರೆಗೆ ಅಲ್ಲ," ಎಂದರು ಅಕ್ಕೋರು. "ಈಗ ಬಿಟ್ರೆ ಬೇಕು ಅಂತಲೇ ಆಗ್ತದೆ."

ಮುಖ್ಯಸ್ಥರ ಸಲಹೆ ನನಗೆ ಸಮಂಜಸವಾಗಿ ಕಂಡಿತ್ತು ಎಂದು ತಿಳಿಸಲು ನನಗೆ ಸಂಕೋಚವಿಲ್ಲ. ನನ್ನ ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ಅಕ್ಕೋರು ಆ ಸಂಜೆ ಬಸ್ ನಿಲ್ದಾಣದವರೆಗೆ ನನ್ನ ಜೊತೆ ಗುಡ್ಡ ಇಳಿದರು. ಕೆಳಗೆ ತಲುಪಿದ ಮೇಲೆ ಹೇಳಿದರು:

"ನೋಡಿ ನಾಯ್ಕರೆ. ಹಿಂದಕ್ಕೆ ತೆಗೀಬೇಕು ಅಂತ ನಂಗೆ ಅದೆ. ಆದ್ರೆ ಹೆಸರು ಎರಡು ಅದೆ. ನೀವು ಬೇಡ ಅಂದ್ರೆ ನಾನು ಕಳಿಸೂದಿಲ್ಲ. ಬೇಡ ಅಂದದ್ದಕ್ಕೆ ಮುಂದೆ ಒಂದು ಮಾತೂ ಆಡೂದಿಲ್ಲ. ಯೋಚನೆ ಮಾಡಿ."

ನನ್ನ ಮೇಲೆ ಹಾಕಿದ ಈ ಭಾರಕ್ಕೆ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಯೋಚನೆ ಎಂದು ವಿಶೇಷವಾಗಿ ಏನೂ ಮಾಡಲಿಲ್ಲ. ಮನೆಗೆ ಹೋದೆ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲಿ ಪೆಟ್ಟಿಗೆ. ಬೆಳಿಗ್ಗೆ ಹಲ್ಲುಜ್ಜಲು ಹೋದರೆ ಅಲ್ಲೂ ಪೆಟ್ಟಿಗೆ. ಕಣ್ಣು ತಪ್ಪಿಸಿ ತಪ್ಪಿಸಿ ಸಾಕಾಯಿತು. ಇದು ಧೈರ್ಯವಲ್ಲ, ಆಯಾಸ. ಮಾರನೆಯ ದಿನ ಬಸ್ಸಿನಿಂದಲೇ ದೂರವಾಣಿ ಮಾಡಿ, "ಕಳಿಸಿ ಅಕ್ಕೋರೆ" ಎಂದೆ. ಆ ಕಡೆಯೂ ಗಾಳಿಯ ಸದ್ದು ಕೇಳಿಸುತ್ತಿತ್ತು. ಅವರೂ ಬಸ್ಸಿನಲ್ಲಿದ್ದರು. "ಆತು" ಎಂದರು.

ಲೇಖನವನ್ನು ಹಿಂಪಡೆಯಲಾಯಿತು.

ಸಂದರ್ಶನಕ್ಕೆ ಅವರು ಅದೇ ಹಸಿರು ಅಂಚಿನ ಸೀರೆ ಉಟ್ಟು ಹೋದರು. "ತಕಂಡಾಗಿದೆ, ಉಡದೇ ಇಟ್ರೆ ಅದೂ ಕಸವೇ" ಎಂದರು. ಹಿಂತಿರುಗಿದ ಸಂಜೆ ಹೊನ್ನಾವರದ ಬಸ್ ನಿಲ್ದಾಣದ ಬಳಿ ನಾನು ಕಾದಿದ್ದೆ. ಇಬ್ಬರೂ ಹೋಟೆಲಿನಲ್ಲಿ ಕುಳಿತೆವು. ಬನ್ಸ್ ತರಿಸಿದರು. ತಿನ್ನದೆ ಅದನ್ನು ಚೂರು ಮಾಡುತ್ತ ಇದ್ದರು.

"ಬೈದ್ರಾ?" ಎಂದು ಕೇಳಿದೆ.

"ಬೈದಿದ್ರೆ ಚಲೋ ಇತ್ತು. ಇಲ್ಲ. ಪೂರಾ ಕೇಳಿದ್ರು. ಒಬ್ಬರು, 'ಬಹಳ ಸರಿಯಾದ ಕೆಲಸ ಮಾಡಿದ್ರಿ ಮೇಡಂ' ಅಂತಲೂ ಹೇಳಿದ್ರು. ಆಮೇಲೆ, 'ಅಂಕದ ಕಾಲಮ್ಮಿನಲ್ಲಿ ನಾವು ಎಂತ ಬರೆಯೂದು?' ಅಂದ್ರು." ಬನ್ಸಿನ ಚೂರುಗಳನ್ನು ಒಟ್ಟು ಮಾಡಿ, "ಅವರಿಗೆ ಅರ್ಥ ಆತು ನಾಯ್ಕರೆ. ಅರ್ಥ ಆಗಿಯೂ ಹುದ್ದೆ ಇಲ್ಲ ಅಂದ್ರು. ಅದೇ ಬೇಜಾರು" ಎಂದರು.

ಆಗ ಅವರ ಕಣ್ಣು ತುಂಬಿತ್ತು. ಮಾಣಿ ಬಿಲ್ ತಂದಾಗ ಒರೆಸಿಕೊಂಡು, ಉಳಿದ ಬನ್ಸನ್ನು ಕಾಗದದಲ್ಲಿ ಕಟ್ಟಿಸಿಕೊಂಡರು. ಅನ್ನವನ್ನು ಬಿಸಾಡುವ ಅಭ್ಯಾಸ ಅವರಿಗಿರಲಿಲ್ಲ.

ಹೊಸ ಲೆಕ್ಕದೊಂದಿಗೆ ಲೇಖನವನ್ನು ಮತ್ತೆ ಕಳುಹಿಸಿದೆವು. ಫಲಿತಾಂಶ ಸ್ಥಳೀಯ ಆಸಕ್ತಿಯದು ಎಂದು ಉತ್ತರ ಬಂತು. ಕೊನೆಗೆ ಒಂದು ಸಣ್ಣ ವಿಚಾರಸಂಕಿರಣದ ಸಂಪುಟದಲ್ಲಿ ಅಚ್ಚಾಯಿತು. ಬಡ್ತಿಯ ಲೆಕ್ಕದಲ್ಲಿ ಅಂಥ ಸಂಪುಟಕ್ಕೆ ಅಂಕವಿಲ್ಲ. ನಿವೃತ್ತಿಯೊಳಗೆ ಇನ್ನೊಂದು ಸಂದರ್ಶನ ಬರಲಿಲ್ಲ. ಅಕ್ಕೋರು ಎಂದಿನಂತೆ ಗುಡ್ಡ ಹತ್ತಿದರು, ಕ್ಯಾಂಟೀನಿಗೆ ಹೋಗಿ ಹುಡುಗರನ್ನು ಕರೆದರು. ಆದರೆ ಕ್ಯಾಂಟೀನಿನಲ್ಲಿ ಕುಕ್ಕರಿನ ಮಾತು ಮೊದಲಿನಷ್ಟು ಬರುತ್ತಿರಲಿಲ್ಲ. ಗುಡ್ಡದ ಅರ್ಧದಲ್ಲಿ ಗೇರು ಮರದ ಕೆಳಗೆ ನಿಂತು ದಮ್ಮು ತೆಗೆದುಕೊಳ್ಳುವುದು ಅಭ್ಯಾಸವಾಯಿತು. ಕೊಡೆ ಅಲ್ಲಿ ನಿಂತು ಮತ್ತೆ ಚಲಿಸುವುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ.

ಬೀಳ್ಕೊಡುಗೆಯ ದಿನ ವಿದ್ಯಾರ್ಥಿಗಳು ಹಿತ್ತಾಳೆಯ ಫಲಕವೊಂದನ್ನು ಮಾಡಿಸಿದ್ದರು. ಅದರಲ್ಲಿ ಅವರ ಹೆಸರಿನ ಹಿಂದೆ ಪ್ರಾಧ್ಯಾಪಕಿ ಎಂದು ಕೆತ್ತಿತ್ತು. ಹುಡುಗರಿಗೆ ವ್ಯತ್ಯಾಸ ತಿಳಿದಿರಲಿಲ್ಲ. ಕಲಿಸುವವರೆಲ್ಲ ಅವರಿಗೆ ಒಂದೇ. ವೇದಿಕೆಯ ಮೇಲಿದ್ದ ನಮಗೆಲ್ಲ ತಿಳಿದಿತ್ತು. ಎಲ್ಲರೂ ಬೇರೆ ಕಡೆ ನೋಡಿದೆವು. ಅಕ್ಕೋರು ಫಲಕವನ್ನು ಓದಿ, ಅಂಗೈಯಿಂದ ಒಮ್ಮೆ ಸವರಿ, ಧ್ವನಿವರ್ಧಕದ ಮುಂದೆ ನಿಂತರು.

"ಇದರಲ್ಲಿ ಒಂದು ತಪ್ಪು ಅದೆ. ನಾನು ಸಹ ಪ್ರಾಧ್ಯಾಪಕಿ. ಆದ್ರೆ ಹಿತ್ತಾಳೆ ಒಳ್ಳೇದದೆ. ಒರೆಸಿ ಬೇರೆ ಕೆತ್ತೂಕೆ ಬರ್ತದೆ. ಮುಂದೆ ನಮ್ಮ ವಿಷಯದಲ್ಲಿ ಯಾರಾದ್ರೂ ಪ್ರಾಧ್ಯಾಪಕರಾದ್ರೆ ಅವರ ಹೆಸರು ಹಾಕಿ ಕೊಡಿ. ಅಲ್ಲೀವರೆಗೆ ಡಿಪಾರ್ಟ್‌ಮೆಂಟಿನಲ್ಲೇ ಇರ್ಲಿ."

ಫಲಕ ಈಗಲೂ ನಮ್ಮ ಬೀರುವಿನಲ್ಲಿದೆ. ಅದನ್ನು ಕೊಡಬೇಕಾದವರು ಯಾರೂ ಕಾಣುತ್ತಿಲ್ಲ. ಈ ವರ್ಷ ಐಚ್ಛಿಕಕ್ಕೆ ಸಾಕಷ್ಟು ವಿದ್ಯಾರ್ಥಿಗಳು ಬರಲಿಲ್ಲ. ಕ್ಯಾಂಟೀನಿಗೆ ನಾನೂ ಹೋಗಿದ್ದೆ. ಮೇಜಿನ ಬದಿಯಲ್ಲಿ ನಿಂತು ಏನು ಹೇಳಬೇಕೆಂದು ತೋಚದೆ ಚಹಾ ಕುಡಿದು ಬಂದೆ. ಪ್ರಸ್ತುತ ನಾನು ಮೆಷಿನ್ ಡ್ರಾಯಿಂಗ್ ಕಲಿಸುತ್ತಿದ್ದೇನೆ. ಬಡ್ತಿಯ ಕಡತ ಇದ್ದಲ್ಲಿಯೇ ಇದೆ. ಮುಂದಿನ ವರ್ಷ ಐಚ್ಛಿಕವನ್ನು ಮತ್ತೆ ತೆರೆಯಲು ಮನವಿ ಬರೆಯಬೇಕೆಂದು ಅಂದುಕೊಂಡಿದ್ದೇನೆ, ಇನ್ನೂ ಬರೆದಿಲ್ಲ.

ಬೀಳ್ಕೊಡುಗೆ ಮುಗಿದು ಎಲ್ಲರೂ ಊಟಕ್ಕೆ ಹೋದ ಮೇಲೆ ಅಕ್ಕೋರು ನನ್ನನ್ನು ಕರೆದು, ಅಂದು ಬೆಳಿಗ್ಗೆ ಯಜಮಾನರ ಕೈಯಲ್ಲಿ ಹೊರಿಸಿ ತಂದಿದ್ದ ಒಂದು ಪೆಟ್ಟಿಗೆಯನ್ನು ಒಪ್ಪಿಸಿದರು. ತಾರಸಿಯ ಪೆಟ್ಟಿಗೆ. ವ್ಯಾಪಾರಿಯ ಅಕ್ಷರಗಳು, ಒಳಗೆ ಮಣ್ಣು, ಮೊಣಕಾಲೆತ್ತರದ ಮಲ್ಲಿಗೆ ಗಿಡ.

"ನಿಮ್ಮಮ್ಮ ಕೊಟ್ಟದ್ದು. ನಿಮ್ಮದು ನಿಮಗೆ."

"ಗಿಡಕ್ಕೆ ಎಂತ ಗೊಬ್ಬರ ಹಾಕ್ತಿದ್ರಿ ಅಕ್ಕೋರೆ?"

"ಗಿಡ ನಿಮ್ಮಮ್ಮ ನೋಡ್ತಾರೆ. ನೀವು ಪೆಟ್ಟಿಗೆ ನೋಡಿ. ಅದು ಯಾವಾಗ ಸಾಯ್ತದೆ ಅಂತ ನಂಗೆ ಹೇಳ್ಬೇಕು. ಅದೊಂದು ಲೆಕ್ಕ ಬಾಕಿ ಅದೆ."

ಭಟ್ಕಳದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಕಂಡಕ್ಟರ್ ಮೂಗು ಮುದುಡಿ, "ಮೀನಾ? ಮೀನಾದ್ರೆ ಹಿಂದೆ ಇಡಿ" ಎಂದ. ಹೂವಿನ ಗಿಡ ಎಂದೆ. ಬಗ್ಗಿ ನೋಡಿದ. "ಪೆಟ್ಟಿಗೆ ನೋಡಿ ಹೇಳಿದೆ ಮಾರಾಯ್ರೆ, ತಪ್ಪು ತಿಳಿಬೇಡಿ" ಎಂದು ಮುಂದೆ ಹೋದ.

ಆಗಾಗ ಅಕ್ಕೋರು ದೂರವಾಣಿ ಮಾಡುತ್ತಾರೆ. ನನ್ನ ಬಡ್ತಿಯ ವಿಷಯ ಕೇಳುವುದಿಲ್ಲ, ಕೇಳಿದರೆ ನಾನು ಹೇಳಬೇಕಾಗುತ್ತದೆ ಎಂದು ಅವರಿಗೆ ಗೊತ್ತು. ಐಚ್ಛಿಕ ಈ ವರ್ಷ ನಡೆಯುತ್ತಿಲ್ಲ ಎಂದು ತಿಳಿಸಿದಾಗಲೂ ಎಂದಿನದನ್ನೇ ಕೇಳಿದರು.

"ಪೆಟ್ಟಿಗೆ ಹೆಂಗದೆ?"

"ಒಂದು ಮೂಲೆ ಬಿರುಕು ಬಿಟ್ಟದೆ ಅಕ್ಕೋರೆ."

"ಟೇಪು ಹಾಕಿ. ಇವತ್ತೇ ಹಾಕಿ."

ಹಾಕಿದ್ದೇನೆ. ಸದರಿ ಪೆಟ್ಟಿಗೆಯು ಮುಟ್ಟಳ್ಳಿಯ ನಮ್ಮ ಮನೆಯ ಹಿತ್ತಲಿನಲ್ಲಿ, ಈ ಲೇಖನ ಬರೆದು ಮುಗಿಸಿದ ದಿನದವರೆಗೂ ಬಳಕೆಯಲ್ಲಿದೆ ಎಂದು ಈ ಮೂಲಕ ದೃಢೀಕರಿಸುತ್ತೇನೆ.